ಕುತ್ತಿಗೆ ಮೂಳೆಯ ಆಪರೇಷನ್ ಆದ ಮೇಲೆ ನೀರು ನೆತ್ತಿಗೆ ಹತ್ತುತ್ತಿದೆ, ಮುದ್ದೆ ಇಳಿಯುತ್ತಿಲ್ಲ: ಇನ್ನೂ ಕಾಯಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 61 ವರ್ಷ. ಕುತ್ತಿಗೆ ಡಿಸ್ಕ್ ಜಾರಿ ಎಡಗೈ ಸೆಳೆತ, ಜೋಮು ಇತ್ತು. ಆರು ವಾರದ ಹಿಂದೆ ಕುತ್ತಿಗೆಯ ಮುಂಭಾಗದಿಂದ ಆಪರೇಷನ್ ಮಾಡಿ ಕುತ್ತಿಗೆಯ 5, 6, 7ನೇ ಮಣಿಗಳ ನಡುವೆ (ಸಿ5-6, ಸಿ6-7) ಎರಡು ಕಡೆ ಪ್ಲೇಟ್ ಹಾಕಿದ್ದಾರೆ. ಕೈ ನೋವು ಪೂರ್ತಿ ಹೋಗಿದೆ. ಆದರೆ ನೀರು ಕುಡಿದರೆ ಕೆಮ್ಮು ಬರುತ್ತದೆ, ಮುದ್ದೆ ಗಂಟಲಲ್ಲೇ ನಿಂತಂತೆ ಆಗುತ್ತದೆ, ಧ್ವನಿ ಗೊಗ್ಗರಾಗಿದೆ. 58 ಕೆಜಿ ಇದ್ದವರು 54ಕ್ಕೆ ಇಳಿದಿದ್ದಾರೆ. ಸರ್ಜನ್ ‘ಊತ ಇಳಿದ ಮೇಲೆ ಸರಿಹೋಗುತ್ತೆ’ ಅಂದರು. ಗ್ಯಾಸ್ಟ್ರೋ ಡಾಕ್ಟರ್ ಎಂಡೋಸ್ಕೋಪಿ ಮಾಡಿ ನಾರ್ಮಲ್ ಅಂದರು. ಶುಗರ್ ಮಾತ್ರೆ ನಡೆಯುತ್ತಿದೆ. ಮಲಗಿಕೊಂಡು ತಲೆ ಎತ್ತುವ ವ್ಯಾಯಾಮವನ್ನು ಮೊಬೈಲಿನಲ್ಲಿ ನೋಡಿದೆವು, ಮಾಡಿಸಬಹುದೇ? ಬೆನ್ನುಮೂಳೆಯ ಆಪರೇಷನ್‌ಗೂ ಗಂಟಲಿಗೂ ಏನು ಸಂಬಂಧ? ಆಪರೇಷನ್ನಿನಲ್ಲಿ ತಪ್ಪಾಗಿದೆಯೇ? ಪ್ಲೇಟ್ ತೆಗೆಸಿದರೆ ಸರಿಹೋಗುತ್ತದೆಯೇ?

ಉತ್ತರ: ತಲೆ ಎತ್ತುವ ವ್ಯಾಯಾಮ ಬೇಡ, ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ಈ ವಾರದೊಳಗೆ ತಾಯಿಯನ್ನು ಇಎನ್‌ಟಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಧ್ವನಿತಂತುಗಳನ್ನು ನೋಡಿಸಿ. ಉಳಿದದ್ದನ್ನು ನಿಧಾನವಾಗಿ ಓದಿ.

ನಿಮ್ಮ ಸರ್ಜನ್ ಹೇಳಿದ್ದು ಸುಳ್ಳಲ್ಲ. ಕುತ್ತಿಗೆಯ ಮುಂಭಾಗದಿಂದ ಡಿಸ್ಕ್ ತೆಗೆದು ಮೂಳೆ ಬೆಸೆಯುವ ಈ ಆಪರೇಷನ್, ವೈದ್ಯರ ಬಾಯಲ್ಲಿ ಎಸಿಡಿಎಫ್, 1950ರ ದಶಕದಿಂದ ಬಳಕೆಯಲ್ಲಿದೆ. ಅದಾದ ಮೇಲೆ ನುಂಗಲು ಕಷ್ಟವಾಗುವುದು ಅದರ ಅತಿ ಸಾಮಾನ್ಯ ಅಡ್ಡಪರಿಣಾಮ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಒಂದು ಅಧ್ಯಯನದ ಪ್ರಕಾರ ಆಪರೇಷನ್ ಆಗಿ ಒಂದು ತಿಂಗಳಿಗೆ ನೂರಕ್ಕೆ ಸುಮಾರು 50 ಮಂದಿಗೆ ಏನಾದರೊಂದು ನುಂಗುವ ತೊಂದರೆ ಇತ್ತು. ಎರಡು ತಿಂಗಳಿಗೆ ಅದು 32ಕ್ಕೆ, ಆರು ತಿಂಗಳಿಗೆ 18ಕ್ಕೆ, ವರ್ಷಕ್ಕೆ 12–13ಕ್ಕೆ ಇಳಿಯಿತು. ಆರು ತಿಂಗಳ ನಂತರವೂ ಉಳಿದವರಲ್ಲಿ ಹೆಚ್ಚಿನವರದು ‘ಒಣ ಚಪಾತಿ ತಿಂದಾಗ ಸ್ವಲ್ಪ ಸಿಕ್ಕಿಕೊಂಡ ಹಾಗೆ’ ಅನ್ನುವಷ್ಟರ ತೊಂದರೆ. ನಿಜವಾಗಿ ಊಟಕ್ಕೆ ಅಡ್ಡಿಯಾಗುವಷ್ಟು ತೊಂದರೆ ಇದ್ದದ್ದು ನೂರಕ್ಕೆ ಐದು ಮಂದಿಗಿಂತ ಕಡಿಮೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಒಂದಕ್ಕಿಂತ ಹೆಚ್ಚು ಮಟ್ಟದಲ್ಲಿ ಆಪರೇಷನ್ ಆದವರಲ್ಲಿ ಇದು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ನಿಮ್ಮ ತಾಯಿ ಮೂರೂ ಗುಂಪಿಗೆ ಸೇರುತ್ತಾರೆ.

ಹಾಗಾದರೆ ಕಾಯಬೇಡಿ ಎಂದು ಏಕೆ ಹೇಳುತ್ತಿದ್ದೇನೆ? ಈ ಅಂಕಿಗಳು ಒಟ್ಟು ಗುಂಪಿನದು. ಕಾದರೆ ಸರಿಹೋಗುವ ಊತ ಬೇರೆ, ಕಾಯುತ್ತ ಕೂತರೆ ಪುಪ್ಪುಸಕ್ಕೆ ಅಪಾಯ ತರುವ ತೊಂದರೆ ಬೇರೆ. ನಿಮ್ಮ ಪತ್ರದಲ್ಲಿ ಎರಡೂ ಕಾಣುತ್ತಿವೆ. ನೀರಿಗೆ ಕೆಮ್ಮು ಮತ್ತು ಗೊಗ್ಗರು ಧ್ವನಿ ಒಂದು ಜೋಡಿ. ಮುದ್ದೆ ನಿಲ್ಲುವುದು ಮತ್ತೊಂದು. ಎರಡಕ್ಕೂ ಒಂದೇ ಕಾರಣ ಇರಬೇಕಿಲ್ಲ, ಒಂದೇ ಪಥ್ಯವೂ ಆಗುವುದಿಲ್ಲ. ಒಂದಕ್ಕೆ ಒಳ್ಳೆಯದಾದ ಆಹಾರ ಇನ್ನೊಂದಕ್ಕೆ ಕೆಟ್ಟದ್ದಾಗಬಹುದು. ‘ಏನಿಲ್ಲ, ಗಂಜಿ ಕುಡಿಸಿ’ ಎಂಬ ಸಲಹೆ ನನಗೆ ಹಿಡಿಸದಿರುವುದು ಇದೇ ಕಾರಣಕ್ಕೆ.

ಮೂಳೆಗೂ ಗಂಟಲಿಗೂ ಏನು ಸಂಬಂಧ ಎಂದು ಕೇಳಿದ್ದೀರಿ. ಬಾಯಿ ತೆರೆದು ಕನ್ನಡಿಯಲ್ಲಿ ನೋಡಿದರೆ ಗಂಟಲಿನ ಹಿಂಗೋಡೆ ಕಾಣುತ್ತದಲ್ಲ, ಅದರ ಬೆನ್ನಿಗೇ ಕುತ್ತಿಗೆಯ ಮಣಿಮೂಳೆ ಇದೆ. ಮೇಲಿನ ಮಣಿಗಳ ಎದುರು ನಡುವೆ ಇರುವ ಮೆದು ಪದರ ಕೆಲವೇ ಮಿಲಿಮೀಟರ್ ದಪ್ಪ. ಕೆಳಗೆ ಸಿ6ರ ಮಟ್ಟದಲ್ಲಿ ಗಂಟಲು ಮುಗಿದು ಅನ್ನನಾಳ ಶುರುವಾಗುತ್ತದೆ. ನಿಮ್ಮ ತಾಯಿಗೆ ಪ್ಲೇಟ್ ಕೂತಿರುವುದು ಹೆಚ್ಚುಕಡಿಮೆ ಆ ಬಾಗಿಲ ಹಿಂದೆಯೇ. ಅಲ್ಲಿಗೆ ಮುಟ್ಟಲು ಸರ್ಜನ್ ಕುತ್ತಿಗೆಯ ಒಂದು ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಶ್ವಾಸನಾಳ–ಅನ್ನನಾಳಗಳನ್ನು ಒಂದು ಬದಿಗೂ ದೊಡ್ಡ ರಕ್ತನಾಳಗಳನ್ನು ಇನ್ನೊಂದು ಬದಿಗೂ ಕಿಟಕಿ ಪರದೆ ಸರಿಸಿ ಹಿಡಿದ ಹಾಗೆ ಸರಿಸಿ, ಆಪರೇಷನ್ ಮುಗಿಯುವವರೆಗೂ ಲೋಹದ ಪಟ್ಟಿಗಳಿಂದ ಹಿಡಿದಿರಬೇಕು. ಎರಡು ಮಟ್ಟ ಎಂದರೆ ಹಿಡಿದಿರುವ ಹೊತ್ತೂ ಹೆಚ್ಚು, ಎಳೆತವೂ ಹೆಚ್ಚು. ಅಷ್ಟು ಹೊತ್ತು ಗಂಟಲೊಳಗೆ ಅರಿವಳಿಕೆಯ ಕೊಳವೆಯೂ ಇರುತ್ತದೆ, ಒತ್ತಡ ಎರಡೂ ಕಡೆಯಿಂದ.

ಇದರಿಂದ ಮೊದಲು ಆಗುವುದು ಊತ. ಮಣಿಮೂಳೆಯ ಮುಂದಿನ ಮೆದು ಪದರ ಆಪರೇಷನ್ ಆದ ಎರಡು–ಮೂರನೇ ದಿನ ಅತಿ ಹೆಚ್ಚು ಉಬ್ಬಿ, ಆಮೇಲೆ ವಾರಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಹಿಂಗೋಡೆ ಮುಂದಕ್ಕೆ ಉಬ್ಬಿದಾಗ ಗಂಟಲಿನ ದಾರಿ ಕಿರಿದಾಗುತ್ತದೆ. ಅಷ್ಟೇ ಅಲ್ಲ, ನುಂಗುವಾಗ ಶ್ವಾಸದ ದಾರಿಯ ಮೇಲೆ ಹಿಂದಕ್ಕೆ ಮಗುಚಬೇಕಾದ ಮುಚ್ಚಳಕ್ಕೆ ಜಾಗ ಸಾಲುವುದಿಲ್ಲ. ಅರ್ಧ ಮಗುಚಿ ಉಬ್ಬಿದ ಗೋಡೆಗೆ ತಗುಲಿ ನಿಲ್ಲುತ್ತದೆ. ಆಹಾರದ ಒಂದು ಪಾಲು ನಾಲಿಗೆಯ ಬುಡದ ಕುಳಿಗಳಲ್ಲೇ ಉಳಿಯುತ್ತದೆ. ‘ಮುದ್ದೆ ನಿಂತ ಹಾಗಿದೆ’ ಅನ್ನುವುದು ಭ್ರಮೆಯಲ್ಲ, ಎಕ್ಸ್‌ರೇ ವಿಡಿಯೊದಲ್ಲಿ ಕಣ್ಣಿಗೆ ಕಾಣುತ್ತದೆ. ಹೆಚ್ಚಿನವರಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಸರ್ಜನ್ ಹೇಳಿದ ‘ಊತ’ ಇದು.

ಧ್ವನಿಯ ಕಥೆ ಬೇರೆ. ಧ್ವನಿತಂತುಗಳನ್ನು ಆಡಿಸುವ ನರ ತಲೆಯಿಂದ ನೇರವಾಗಿ ಅಲ್ಲಿಗೆ ಬರುವುದಿಲ್ಲ. ಎದೆಯವರೆಗೂ ಇಳಿದು, ಎಡಗಡೆ ಮಹಾಧಮನಿಯನ್ನೂ ಬಲಗಡೆ ತೋಳಿಗೆ ಹೋಗುವ ಧಮನಿಯನ್ನೂ ಸುತ್ತಿಕೊಂಡು, ಅನ್ನನಾಳ–ಶ್ವಾಸನಾಳಗಳ ಸಂದಿಯಲ್ಲಿ ಮತ್ತೆ ಮೇಲಕ್ಕೆ ಹತ್ತುತ್ತದೆ. ಆ ಸಂದಿಯನ್ನೇ ಆಪರೇಷನ್ನಿನಲ್ಲಿ ಪಕ್ಕಕ್ಕೆ ಸರಿಸಿ ಹಿಡಿದಿರುತ್ತಾರೆ. ನರ ತುಂಡಾಗುವುದು ತೀರಾ ಅಪರೂಪ. ಎಳೆತಕ್ಕೋ ಒತ್ತಡಕ್ಕೋ ಸಿಕ್ಕಿ ಕೆಲಸ ನಿಲ್ಲಿಸುವುದು ಅಷ್ಟು ಅಪರೂಪವಲ್ಲ. ಆಗ ಒಂದು ಬದಿಯ ಧ್ವನಿತಂತು ಸುಮ್ಮನೆ ನಿಂತುಬಿಡುತ್ತದೆ. ಮಾತಾಡಿದರೆ ಗಾಳಿ ಸೋರಿ ಧ್ವನಿ ಗೊಗ್ಗರಾಗುತ್ತದೆ. ನುಂಗುವಾಗ ಗಟ್ಟಿಯಾಗಿ ಮುಚ್ಚಬೇಕಾದ ಶ್ವಾಸದ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆ ಸಂದಿಯಲ್ಲಿ ನುಗ್ಗುವುದು ಮೊದಲು ನೀರು. ಗಂಟಲನ್ನು ದಾಟಲು ನುಂಗಿದ್ದಕ್ಕೆ ಬೇಕಾಗುವುದು ಸುಮಾರು ಒಂದು ಸೆಕೆಂಡು, ನೀರಿನಷ್ಟು ವೇಗವಾಗಿ ಓಡುವುದು ಇನ್ನಾವುದೂ ಇಲ್ಲ.

ಕೊಳವೆ ಹಾಕಿದ್ದರಿಂದ ಬರುವ ಗಂಟಲು ಕಟ್ಟು ಹತ್ತು ಹದಿನೈದು ದಿನದಲ್ಲಿ ಬಿಡಬೇಕು. ಆರು ವಾರವಾದರೂ ಧ್ವನಿ ಹಾಗೇ ಇದೆ, ಜೊತೆಗೆ ನೀರು ನೆತ್ತಿಗೆ ಹತ್ತುತ್ತಿದೆ ಅಂದರೆ ಧ್ವನಿತಂತುವನ್ನು ಕಣ್ಣಾರೆ ನೋಡದೆ ‘ಊತ’ ಎಂದು ತೀರ್ಮಾನಿಸುವುದು ಸರಿಯಲ್ಲ. ಇಎನ್‌ಟಿ ವೈದ್ಯರು ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ ನೋಡುತ್ತಾರೆ. ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷಗಳ ಕೆಲಸ, ಅರಿವಳಿಕೆ ಬೇಡ. ತಂತು ನಿಂತಿದ್ದರೂ ಗಾಬರಿ ಬೀಳಬೇಕಿಲ್ಲ. ಎಳೆತದಿಂದ ನಿಂತ ನರ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ, ಕೆಲವರಿಗೆ ವರ್ಷದ ಹತ್ತಿರ ಬೇಕಾಗುತ್ತದೆ. ಅಲ್ಲಿಯವರೆಗೆ ಕೆಮ್ಮುತ್ತ ಕೂರಬೇಕೆಂದೂ ಇಲ್ಲ. ನಿಂತ ತಂತುವಿನೊಳಗೆ ಜೆಲ್‌ನಂಥ ವಸ್ತುವನ್ನು ಚುಚ್ಚಿ ಮಧ್ಯಕ್ಕೆ ತರುವ ತಾತ್ಕಾಲಿಕ ಚಿಕಿತ್ಸೆ ಇದೆ. ಧ್ವನಿಯೂ ಸುಧಾರಿಸುತ್ತದೆ, ನೀರು ಕುಡಿಯುವುದೂ ಸುಲಭವಾಗಬಹುದು. ಇದನ್ನು ಬೇಗ ಕೇಳಿದವರಿಗೆ ಬೇಗ ಸಿಗುತ್ತದೆ, ಆರು ತಿಂಗಳು ಕಳೆದು ಬಂದವರು ಆರು ತಿಂಗಳು ಸುಮ್ಮನೆ ಕಷ್ಟಪಟ್ಟಿರುತ್ತಾರೆ.

ಇನ್ನು ಎಂಡೋಸ್ಕೋಪಿ ನಾರ್ಮಲ್ ಬಂದದ್ದು. ಆ ಪರೀಕ್ಷೆ ಅನ್ನನಾಳ ಮತ್ತು ಹೊಟ್ಟೆಗಾಗಿ ಇರುವುದು. ಗಂಟಲನ್ನು ಅದು ದಾಟಿ ಹೋಗುತ್ತದೆ, ಅಲ್ಲಿ ನಿಂತು ನೋಡುವುದಿಲ್ಲ. ರೋಗಿ ನುಂಗುವಾಗ ಏನಾಗುತ್ತದೆ ಎಂಬುದಂತೂ ಅದರಲ್ಲಿ ತಿಳಿಯುವುದಿಲ್ಲ. ಅನ್ನನಾಳದಲ್ಲಿ ಗಡ್ಡೆ, ಹುಣ್ಣು ಇಲ್ಲ ಎಂದು ಖಾತ್ರಿಯಾದದ್ದು ಒಳ್ಳೆಯದೇ. ಆದರೆ ‘ನಾರ್ಮಲ್’ ಎಂಬ ಆ ಒಂದು ಪದದಿಂದಾಗಿ ಮನೆಯವರು ‘ಎಲ್ಲ ಮನಸ್ಸಿನ ಭಯ, ತಿನ್ನಮ್ಮ’ ಎಂದು ರೋಗಿಯನ್ನೇ ಗದರಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀವು ಹಾಗೆ ಮಾಡುತ್ತಿಲ್ಲ ಅಂದುಕೊಂಡಿದ್ದೇನೆ.

ನುಂಗುವುದನ್ನೇ ನೋಡುವ ಪರೀಕ್ಷೆಗಳು ಎರಡು. ಒಂದು, ಮೂಗಿನ ಕ್ಯಾಮೆರಾ ಒಳಗಿರುವಾಗಲೇ ಬಣ್ಣ ಬೆರೆಸಿದ ನೀರು, ಮೊಸರು, ಬಿಸ್ಕತ್ತು ಕೊಟ್ಟು ಎಲ್ಲಿ ಉಳಿಯಿತು, ಎಲ್ಲಿ ಜಾರಿತು ಎಂದು ನೋಡುವುದು. ಇದಕ್ಕೆ ‘ಫೀಸ್’ ಅನ್ನುತ್ತಾರೆ. ಇನ್ನೊಂದು, ಬೇರಿಯಂ ಬೆರೆಸಿದ ಆಹಾರವನ್ನು ಬೇರೆ ಬೇರೆ ಹದದಲ್ಲಿ ಕೊಟ್ಟು ಎಕ್ಸ್‌ರೇ ವಿಡಿಯೊ ತೆಗೆಯುವುದು, ‘ವಿಡಿಯೊ ಫ್ಲೋರೋಸ್ಕೋಪಿ’. ಗಂಟಲಿನ ಹಿಂಗೋಡೆ, ಪ್ಲೇಟ್, ಮುಚ್ಚಳ ಮೂರೂ ಒಂದೇ ಚಿತ್ರದಲ್ಲಿ ಸಿಗುವುದರಿಂದ ಈ ಆಪರೇಷನ್ ಆದವರಿಗೆ ನನ್ನ ಒಲವು ಎರಡನೆಯದರ ಕಡೆಗೆ. ಸಾಮಾನ್ಯ ‘ಬೇರಿಯಂ ಸ್ವಾಲೋ’ ಬೇರೆ, ಇದು ಬೇರೆ. ಚೀಟಿಯಲ್ಲಿ ಸರಿಯಾಗಿ ಬರೆಸಿಕೊಳ್ಳಿ. ಜೊತೆಗೆ ಕುತ್ತಿಗೆಯ ಪಕ್ಕದಿಂದ ಒಂದು ಮಾಮೂಲಿ ಎಕ್ಸ್‌ರೇ ಬೇಕು. ಸ್ಕ್ರೂ ಏನಾದರೂ ಸಡಿಲಗೊಂಡು ಮುಂದಕ್ಕೆ ಚಾಚಿದ್ದರೆ ಅದರಲ್ಲೇ ಕಾಣುತ್ತದೆ.

ಇದನ್ನು ಮಾಡುವವರು ಯಾರು? ಇಎನ್‌ಟಿ ವೈದ್ಯರ ಜೊತೆಗೆ ನುಂಗುವಿಕೆಯಲ್ಲಿ ತರಬೇತಾದ ಸ್ಪೀಚ್ ಥೆರಪಿಸ್ಟ್. ನಮ್ಮಲ್ಲಿ ಸ್ಪೀಚ್ ಥೆರಪಿ ಅಂದರೆ ತೊದಲುವ ಮಕ್ಕಳಿಗೆ ಎಂದೇ ಜನ ತಿಳಿದಿರುವುದರಿಂದ ದೊಡ್ಡವರನ್ನು ಕರೆತರುವುದೇ ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಜನ ‘ಆಯಿಷ್’ ಅನ್ನುವ ಸಂಸ್ಥೆ, ಈ ವಿದ್ಯೆಯಲ್ಲಿ ದೇಶದ ಪ್ರಮುಖ ಸಂಸ್ಥೆಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ವಿಭಾಗ ಇದೆ. ದೊಡ್ಡ ಮೆಡಿಕಲ್ ಕಾಲೇಜುಗಳಲ್ಲಿ ಇಎನ್‌ಟಿ ವಿಭಾಗದ ಪಕ್ಕದಲ್ಲೇ ವಿಚಾರಿಸಿ.

ಪರೀಕ್ಷೆ ಆಗುವವರೆಗೆ ಮನೆಯಲ್ಲಿ ಏನು ಮಾಡಬಹುದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನೀರು ಕುಡಿಯುವ ಬಗೆ. ನಮ್ಮ ಹಳೆಯ ತಲೆಗಳು ಲೋಟ ಕಚ್ಚುವುದಿಲ್ಲ, ತಲೆ ಹಿಂದಕ್ಕೆ ಹಾಕಿ ಮೇಲಿಂದ ಸುರಿದುಕೊಳ್ಳುತ್ತಾರೆ. ಇವರಿಗೆ ಇದಕ್ಕಿಂತ ಕೆಟ್ಟ ಭಂಗಿ ಇನ್ನೊಂದಿಲ್ಲ. ತಲೆ ಹಿಂದಕ್ಕೆ ಬಾಗಿದರೆ ಶ್ವಾಸದ ದಾರಿ ತೆರೆದುಕೊಳ್ಳುತ್ತದೆ, ಸುರಿಯುವ ನೀರಿಗೆ ಅಂಕೆಯೇ ಇರುವುದಿಲ್ಲ, ಹೊಸದಾಗಿ ಬೆಸೆಯುತ್ತಿರುವ ಕುತ್ತಿಗೆಗೂ ಒಳ್ಳೆಯದಲ್ಲ. ಮಡಿ–ಎಂಜಲು ಎಂದು ಅವರು ಒಪ್ಪದಿದ್ದರೆ ಅವರದೇ ಒಂದು ಲೋಟ ಬೇರೆ ಇಟ್ಟು ಕಚ್ಚಿಯೇ ಕುಡಿಯಲು ಹೇಳಿ, ಇಲ್ಲವೇ ಟೀ ಚಮಚದಲ್ಲಿ ಕೊಡಿ. ಒಂದು ಗುಟುಕು, ನುಂಗು, ಖಾಲಿ ಬಾಯಲ್ಲಿ ಇನ್ನೊಮ್ಮೆ ನುಂಗು, ಆಮೇಲೆ ಮುಂದಿನ ಗುಟುಕು. ಲೋಟ ಅರ್ಧಕ್ಕಿಂತ ಕೆಳಗೆ ಹೋದಾಗ ತಲೆ ತಾನಾಗಿ ಹಿಂದಕ್ಕೆ ಹೋಗುತ್ತದೆ, ಮತ್ತೆ ತುಂಬಿಸಿ. ಗಟ್ಟಿ ಕಾಲರ್ ಇನ್ನೂ ಹಾಕುತ್ತಿದ್ದರೆ ಅದು ಗದ್ದವನ್ನು ಮೇಲಕ್ಕೆತ್ತಿ ಇದೇ ತೊಂದರೆ ಮಾಡುತ್ತದೆ. ಊಟದ ಹೊತ್ತಿಗೆ ಬಿಚ್ಚಬಹುದೇ, ಬೇರೆ ಅಳತೆಯದು ಬೇಕೇ ಎಂದು ಸರ್ಜನ್‌ರನ್ನು ಕೇಳಿ. ನೀವಾಗಿಯೇ ಬಿಚ್ಚಬೇಡಿ.

ಕೆಮ್ಮು ಬಂದಾಗ ನೆತ್ತಿ ತಟ್ಟಿ ‘ಯಾರೋ ನೆನೆಸ್ಕೊಂಡ್ರು’ ಅನ್ನುತ್ತೇವಲ್ಲ, ತಟ್ಟುವುದರಿಂದ ಏನೂ ಆಗುವುದಿಲ್ಲ, ಆಪರೇಷನ್ ಆದ ಕುತ್ತಿಗೆ ಅಲುಗುತ್ತದೆ ಅಷ್ಟೆ. ಕೆಮ್ಮಲು ಬಿಡಿ. ಕೆಮ್ಮು ಅವರನ್ನು ಕಾಪಾಡುತ್ತಿದೆ. ಮೇಲಿಂದ ಇನ್ನಷ್ಟು ನೀರು ಕುಡಿಸಬೇಡಿ. ಎರಡು ಸಂಗತಿ ಗಮನಿಸಿ ಬರೆದಿಡಿ: ಕೆಮ್ಮು ನುಂಗುವಾಗಲೇ ಬರುತ್ತದೆಯೇ, ಊಟ ಮುಗಿದು ಐದು ಹತ್ತು ನಿಮಿಷಕ್ಕೆ ಬರುತ್ತದೆಯೇ? ಮೊದಲನೆಯದು ಶ್ವಾಸದ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂಬುದಕ್ಕೆ, ಎರಡನೆಯದು ಗಂಟಲಲ್ಲಿ ಉಳಿದದ್ದು ಆಮೇಲೆ ಜಾರುತ್ತಿದೆ ಎಂಬುದಕ್ಕೆ ಸೂಚನೆ. ನುಂಗಿದ ಮೇಲೆ ‘ಆ’ ಎಂದು ಉದ್ದಕ್ಕೆ ಹೇಳಿಸಿ. ಧ್ವನಿಯಲ್ಲಿ ನೀರು ಗುಳುಗುಳು ಅಂದರೆ ಕೆಮ್ಮಿ, ಮತ್ತೆ ನುಂಗಲು ಹೇಳಿ. ಈ ಟಿಪ್ಪಣಿ ಥೆರಪಿಸ್ಟ್‌ಗೆ ಚಿನ್ನದಂಥದ್ದು. ಆದರೆ ಕೆಮ್ಮದವರೆಲ್ಲ ಸುರಕ್ಷಿತರಲ್ಲ. ಧ್ವನಿಪೆಟ್ಟಿಗೆಯ ಸ್ಪರ್ಶವೇ ಮಂಕಾಗಿದ್ದರೆ ನೀರು ಒಳಗೆ ಇಳಿದರೂ ಕೆಮ್ಮು ಬರುವುದಿಲ್ಲ. ಪರೀಕ್ಷೆ ಬೇಕು ಅನ್ನುವುದು ಇದಕ್ಕೂ ಸೇರಿಯೇ.

ಈಗ ಮುದ್ದೆ. ಮುದ್ದೆಯನ್ನು ಅಗಿಯದೆ ನುಂಗುವುದೇ ನಮ್ಮ ರೂಢಿ. ಗಟ್ಟಿ, ಅಂಟು, ಅಗಿಯದ ತುತ್ತು, ಮೂರೂ ಸೇರಿದ ಆಹಾರವನ್ನು ಉಬ್ಬಿದ ಗಂಟಲು ಒಪ್ಪುವುದಿಲ್ಲ. ಸದ್ಯಕ್ಕೆ ನಿಲ್ಲಿಸಿ. ಚಪಾತಿ, ಅಕ್ಕಿರೊಟ್ಟಿ, ಒಣ ಉಪ್ಪಿಟ್ಟು, ಅವಲಕ್ಕಿ, ಕಡಲೆಬೀಜದ ಚಿತ್ರಾನ್ನ, ಮಂಡಕ್ಕಿ ಇವೂ ಅದೇ ಸಾಲಿಗೆ. ಇಡ್ಲಿ ಮೆತ್ತಗಿರುತ್ತದೆ ಎಂದು ಎಲ್ಲರೂ ಕೊಡುತ್ತಾರೆ, ಒಣಗಿದ ಇಡ್ಲಿ ಮುದ್ದೆಯಷ್ಟೇ ಅಂಟಿಕೊಳ್ಳುತ್ತದೆ. ದಪ್ಪ ಸಾಂಬಾರಿನಲ್ಲಿ ಚೆನ್ನಾಗಿ ನೆನೆಸಿ, ಹಿಸುಕಿ ಕೊಟ್ಟರೆ ಆದೀತು. ಹೆಚ್ಚಿನವರು ತಪ್ಪುವುದು ಅನ್ನ–ತಿಳಿಸಾರಿನಲ್ಲಿ. ಬಾಯಲ್ಲಿ ಅನ್ನ ಅಗಿಯುತ್ತಿರುವಾಗಲೇ ಸಾರು ಹಿಂದಕ್ಕೆ ಹರಿದು ಗಂಟಲು ಸೇರಿರುತ್ತದೆ. ಗಟ್ಟಿ ಮತ್ತು ನೀರು ಒಟ್ಟಿಗೆ ಇರುವುದನ್ನು ಸಂಭಾಳಿಸುವುದು ಸೊರಗಿದ ಗಂಟಲಿಗೆ ಎಲ್ಲಕ್ಕಿಂತ ಕಷ್ಟ. ಮಜ್ಜಿಗೆ ಅನ್ನವೂ ಹಾಗೆಯೇ. ಬದಲಿಗೆ ಚೆನ್ನಾಗಿ ಬೆಂದ ಅನ್ನವನ್ನು ಗಟ್ಟಿ ಮೊಸರಿನಲ್ಲಿ ಕಿವುಚಿ ಒಂದೇ ಹದ ಮಾಡಿ. ತುಪ್ಪ ಹಾಕಿದ ಹೆಸರುಬೇಳೆ ಪೊಂಗಲ್, ಕಿವುಚಿದ ಬಾಳೆಹಣ್ಣು, ಗಂಟಿಲ್ಲದ ರಾಗಿ ಸರಿ, ತಿನ್ನುವವರಾದರೆ ಮೆತ್ತಗಿನ ಮೊಟ್ಟೆ ಇವು ಜಾರುವ ಆಹಾರಗಳು. ಸಕ್ಕರೆ ಕಾಯಿಲೆ ಇರುವುದರಿಂದ ಬರೀ ಗಂಜಿ, ಸರಿ, ಬಾಳೆಹಣ್ಣಿನಲ್ಲಿ ದಿನ ದೂಡಬೇಡಿ. ಬೇಳೆ, ಮೊಸರು, ಮೊಟ್ಟೆ, ಪನ್ನೀರು ಸೇರಲಿ, ಮೂಳೆ ಬೆಸೆಯಲೂ ಪ್ರೋಟೀನ್ ಬೇಕು. ಚಿಕ್ಕ ತುತ್ತು, ದಿನಕ್ಕೆ ಐದಾರು ಬಾರಿ, ನೆಟ್ಟಗೆ ಕೂತು, ಟಿವಿ ಮತ್ತು ಮಾತು ಎರಡನ್ನೂ ನಿಲ್ಲಿಸಿ. ಊಟದ ನಂತರ ಅರ್ಧ ಗಂಟೆ ಮಲಗಬಾರದು.

ನೀರನ್ನು ಗಟ್ಟಿ ಮಾಡುವ ಪುಡಿಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಯಾರಾದರೂ ಹೇಳಿದರು ಎಂದು ಈಗಲೇ ತಂದು ಬೆರೆಸಬೇಡಿ. ಶ್ವಾಸದ ಬಾಗಿಲು ಮುಚ್ಚದವರಿಗೆ ಸ್ವಲ್ಪ ಮಂದವಾದ ನೀರು ಸಹಾಯ ಮಾಡುತ್ತದೆ, ನಿಜ. ಹಿಂಗೋಡೆ ಉಬ್ಬಿದವರಿಗೆ ಅದೇ ಮಂದ ನೀರು ಗಂಟಲಲ್ಲಿ ಕೂತು ಉಳಿಯುತ್ತದೆ. ರುಚಿ ಹಿಡಿಸದೆ ಕುಡಿಯುವುದನ್ನೇ ಕಡಿಮೆ ಮಾಡಿ ನೀರಿನಂಶ ಇಳಿಯುತ್ತದೆ. ಮಂದವಾದದ್ದು ಪುಪ್ಪುಸಕ್ಕೆ ಇಳಿದರೆ ಬರೀ ನೀರಿಗಿಂತ ಹೆಚ್ಚು ಕಾಟ. ನಿಮ್ಮ ತಾಯಿಗೆ ಎರಡೂ ತೊಂದರೆ ಇರುವಂತಿದೆ, ಹಾಗಾಗಿ ಹದವನ್ನು ಪರೀಕ್ಷೆಯೇ ನಿರ್ಧರಿಸಬೇಕು. 0ಯಿಂದ 7ರವರೆಗೆ ಆಹಾರದ ಹದಕ್ಕೆ ಒಂದು ಅಂತರರಾಷ್ಟ್ರೀಯ ಅಳತೆ ಇದೆ, ‘ಇಡ್ಸಿ’ ಅನ್ನುತ್ತಾರೆ. ಸಾದಾ ನೀರು 0, ಮಾಮೂಲಿ ಊಟ 7. ನಿಗದಿತ ಅಳತೆಯ 10 ಮಿಲಿ ಸಿರಿಂಜಿನಿಂದ 10 ಸೆಕೆಂಡಿನಲ್ಲಿ ಎಷ್ಟು ಇಳಿಯಿತು, ಎಷ್ಟು ಉಳಿಯಿತು ಎಂದು ನೋಡಿ ಮನೆಯಲ್ಲೇ ಹದ ಹಿಡಿಯಬಹುದು. ಥೆರಪಿಸ್ಟ್ ನಿಮ್ಮ ಎದುರಿಗೇ ಮಾಡಿ ತೋರಿಸಲಿ. ಅಂಬಲಿ, ಗಂಜಿಗಳನ್ನು ಇದಕ್ಕೆ ಬಳಸುವುದಾದರೆ ಅವು ಬಿಸಿ ಇರುವಾಗ ಒಂದು ಹದ, ಆರಿದಾಗ ಇನ್ನೊಂದು ಹದ ಎಂಬುದು ನೆನಪಿರಲಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ತೂಕ ಮತ್ತು ಶುಗರ್ ಮಾತ್ರೆ. 58ರಲ್ಲಿ 4 ಕೆಜಿ ಅಂದರೆ ಆರು ವಾರದಲ್ಲಿ ನೂರಕ್ಕೆ ಏಳರಷ್ಟು. ತಿಂಗಳಿಗೆ ನೂರಕ್ಕೆ ಐದು ಇಳಿದರೇ ವೈದ್ಯರು ಗಂಭೀರ ಎನ್ನುತ್ತಾರೆ. ಊಟ ಅರ್ಧವಾಗಿ ಮಾತ್ರೆ ಹಳೆಯ ಲೆಕ್ಕದಲ್ಲೇ ನಡೆದರೆ, ಅದರಲ್ಲೂ ಗ್ಲಿಮೆಪಿರೈಡ್‌ನಂಥವು ಅಥವಾ ಇನ್ಸುಲಿನ್ ಇದ್ದರೆ, ಸಕ್ಕರೆ ದಿಢೀರನೆ ಇಳಿಯಬಹುದು. ಬೆವರು, ನಡುಕ, ಮಂಕು ಕಂಡರೆ ಮೊದಲು ಸಕ್ಕರೆ ಅಳೆಯಿರಿ. ಡೋಸ್ ಬಗ್ಗೆ ಶುಗರ್ ವೈದ್ಯರಿಗೆ ಇವತ್ತೇ ಫೋನ್ ಮಾಡಿ.

ಮಾತ್ರೆ ನುಂಗುವುದು ಕಷ್ಟವೆಂದು ಎಲ್ಲವನ್ನೂ ಕುಟ್ಟಿ ಕೊಡುವ ಮನೆಗಳಿವೆ. ‘ಎಸ್‌ಆರ್’, ‘ಎಕ್ಸ್‌ಆರ್’ ಎಂದು ಹೆಸರಿನ ಕೊನೆಯಲ್ಲಿ ಇರುವುದನ್ನು ಕುಟ್ಟಿದರೆ ಇಡೀ ದಿನದ ಔಷಧಿ ಒಂದೇ ಸಲ ದೇಹ ಸೇರುತ್ತದೆ. ಪ್ಯಾಂಟೊಪ್ರಜೋಲ್ ಕುಟ್ಟಿದರೆ ಹೊಟ್ಟೆಯ ಆಮ್ಲದಲ್ಲಿ ಹಾಳಾಗುತ್ತದೆ. ಯಾವುದಕ್ಕೆ ಸಿರಪ್ ಇದೆ, ಯಾವುದು ನೀರಿನಲ್ಲಿ ಕರಗುತ್ತದೆ ಎಂದು ಫಾರ್ಮಸಿಸ್ಟ್‌ರನ್ನು ಕೇಳಿ. ಉಳಿದದ್ದನ್ನು ಒಂದೊಂದಾಗಿ ಗಟ್ಟಿ ಮೊಸರಿನ ಚಮಚದಲ್ಲಿ ಇಟ್ಟು ಕೊಡಿ. ನರದ ನೋವಿಗೆ ಪ್ರೆಗಾಬಲಿನ್ ಕೊಟ್ಟಿದ್ದರೆ ಅದು ಮಂಪರು ತರುತ್ತದೆ, ಮಂಪರಿನಲ್ಲಿ ಇರುವವರಿಗೆ ಉಣಿಸಬೇಡಿ. ಕೈ ನೋವು ಪೂರ್ತಿ ಹೋಗಿದೆ ಅಂದಿರಿ, ಇನ್ನೂ ಬೇಕೇ ಎಂದು ಕೇಳುವ ಹಕ್ಕು ನಿಮಗಿದೆ.

ಬಾಯಿಯ ಶುಚಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಪುಪ್ಪುಸಕ್ಕೆ ಜಾರಿದ ಹನಿಯಲ್ಲಿ ಬಾಯಿಯ ರೋಗಾಣುಗಳು ಎಷ್ಟಿದ್ದವು ಎಂಬುದರ ಮೇಲೂ ನ್ಯುಮೋನಿಯಾ ಬರುವುದು ಬಿಡುವುದು ನಿಂತಿದೆ. ಬೆಳಗ್ಗೆ ಮತ್ತು ರಾತ್ರಿ ಹಲ್ಲು, ನಾಲಿಗೆ, ಕಟ್ಟಿಸಿದ ಹಲ್ಲು ಎಲ್ಲ ತೊಳೆಯಬೇಕು. ಎಲೆ ಅಡಿಕೆ ಅಭ್ಯಾಸ ಇದ್ದರೆ ಈಗ ಬಿಡಲಿ, ಅಡಿಕೆಯ ಚೂರು ಗಂಟಲಲ್ಲಿ ಉಳಿದು ನಿದ್ದೆಯಲ್ಲಿ ಜಾರುತ್ತದೆ.

ವ್ಯಾಯಾಮಕ್ಕೆ ಬರೋಣ. ಮಲಗಿ ತಲೆ ಎತ್ತುವುದು ಕೆಟ್ಟ ವ್ಯಾಯಾಮವಲ್ಲ. ಅನ್ನನಾಳದ ಬಾಗಿಲು ಸರಿಯಾಗಿ ತೆರೆಯದವರಿಗಾಗಿ ಹುಟ್ಟಿದ್ದು, ಬೇರೆ ರೋಗಿಗಳಿಗೆ ನಾವೇ ಹೇಳಿಕೊಡುತ್ತೇವೆ. ಆರು ವಾರದ ಹಿಂದೆ ಸ್ಕ್ರೂ ಹಾಕಿಸಿಕೊಂಡ ಕುತ್ತಿಗೆಗೆ ಮಾತ್ರ ಅಲ್ಲ. ಬೆಸುಗೆ ಕೂಡಲು ತಿಂಗಳುಗಳು ಬೇಕು. ಗದ್ದದ ಕೆಳಗೆ ಚೆಂಡಿಟ್ಟು ಒತ್ತುವುದೂ ಸರ್ಜನ್ ಒಪ್ಪುವವರೆಗೆ ಬೇಡ. ‘ಗದ್ದ ತಗ್ಗಿಸಿ ನುಂಗಿ’ ಎಂಬ ಜನಪ್ರಿಯ ಸಲಹೆಯೂ ಎಲ್ಲರಿಗೂ ಹೊಂದುವುದಿಲ್ಲ. ತಗ್ಗಿಸಿದರೆ ಉಳಿಕೆ ಹೆಚ್ಚಾಗುವವರೂ ಇದ್ದಾರೆ, ಪ್ಲೇಟ್ ಹಾಕಿದ ಕುತ್ತಿಗೆ ಅಷ್ಟು ಬಾಗುವುದೂ ಇಲ್ಲ. ಕುತ್ತಿಗೆ ಅಲುಗದ ವ್ಯಾಯಾಮಗಳಿವೆ: ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು, ಗಂಟಲನ್ನು ಬಿಗಿದು ಜೋರಾಗಿ ನುಂಗುವುದು, ಉಸಿರು ಕಟ್ಟಿ ನುಂಗಿ ತಕ್ಷಣ ಕೆಮ್ಮುವುದು. ಮೂರನೆಯದನ್ನು ಹೃದ್ರೋಗ, ಬಿಪಿ ಇದ್ದರೆ ತಾನಾಗಿ ಮಾಡಬಾರದು. ಒಂದು ಬದಿಯ ತಂತು ನಿಂತಿದೆ ಎಂದು ಗೊತ್ತಾದರೆ, ತಲೆಯನ್ನು ಅದೇ ಬದಿಗೆ ತಿರುಗಿಸಿ ನುಂಗಿಸುವ ಉಪಾಯ ಒಳ್ಳೆಯ ಫಲ ಕೊಡಬಹುದು. ತಲೆ ತಿರುಗುವುದರಲ್ಲಿ ಅರ್ಧದಷ್ಟು ನಡೆಯುವುದು ಮೇಲಿನ ಎರಡು ಮಣಿಗಳ ನಡುವೆ, ಕೆಳಗಿನ ಬೆಸುಗೆ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಆದರೂ ಎಷ್ಟು ತಿರುಗಿಸಬಹುದು ಎಂದು ಸರ್ಜನ್ ಹೇಳಲಿ.

ಇಎನ್‌ಟಿಗೆ ಟೋಕನ್ ಸಿಗುವವರೆಗೂ ಕಾಯದೆ ನೇರ ತುರ್ತು ವಿಭಾಗಕ್ಕೆ ಓಡಬೇಕಾದ ಸಂದರ್ಭಗಳನ್ನೂ ಹೇಳಿಬಿಡುತ್ತೇನೆ. ಉಸಿರಾಡುವಾಗ ಸದ್ದು, ಉಬ್ಬಸ. ಕುತ್ತಿಗೆ ಊದುತ್ತಾ ಹೋಗುವುದು. (ಆಪರೇಷನ್ ಆದ ಮೊದಲ ಒಂದೆರಡು ದಿನದಲ್ಲಿ ಇದು ಒಳಗೆ ರಕ್ತ ಹೆಪ್ಪುಗಟ್ಟಿದ್ದರಿಂದ ಆಗಬಹುದು, ಆಗ ನಿಮಿಷಗಳೂ ಮುಖ್ಯ.) ಎಂಜಲನ್ನೂ ನುಂಗಲಾಗದೆ ಉಗಿಯುತ್ತಿರುವುದು. ಜ್ವರದ ಜೊತೆಗೆ ಕುತ್ತಿಗೆ ನೋವು, ಗಾಯದಿಂದ ಕೀವು, ಚರ್ಮದಡಿ ಒತ್ತಿದರೆ ಚರಚರ ಅನ್ನುವುದು, ಸರಿಹೋಗುತ್ತಿದ್ದ ಗಂಟಲು ದಿಢೀರನೆ ನೋಯತೊಡಗುವುದು. ಈ ಕೊನೆಯ ಗುಂಪು ಅನ್ನನಾಳಕ್ಕೆ ತೂತು ಬಿದ್ದದ್ದರ ಲಕ್ಷಣ ಇರಬಹುದು. ತೀರಾ ಅಪರೂಪ, ಆದರೆ ತಿಂಗಳು, ವರ್ಷಗಳ ನಂತರವೂ ಸರಿದ ಸ್ಕ್ರೂವಿನಿಂದ ಆದದ್ದಿದೆ. ಜ್ವರ, ಕಫದ ಕೆಮ್ಮು, ದಮ್ಮು ಬಂದರೆ ನ್ಯುಮೋನಿಯಾ ಇರಬಹುದು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಮಂಕು, ಊಟ ಬೇಡ ಎನ್ನುವುದರಿಂದಲೂ ಅದು ಶುರುವಾಗಬಹುದು.

ಆಪರೇಷನ್ನಿನಲ್ಲಿ ತಪ್ಪಾಗಿದೆಯೇ ಎಂದು ಕೇಳಿದ್ದೀರಿ. ನೀವು ಹೇಳಿದ ಯಾವುದರಿಂದಲೂ ಹಾಗೆ ಹೇಳಲಾಗದು. ನರಕ್ಕೆ ಎಳೆತ, ಗಂಟಲಿಗೆ ಊತ ಇವು ಒಳ್ಳೆಯ ಕೈಯಲ್ಲೂ ಆಗುತ್ತವೆ, ಒಪ್ಪಿಗೆ ಪತ್ರದಲ್ಲೂ ಬರೆದಿರುತ್ತಾರೆ. ಆಪರೇಷನ್‌ಗೆ ಮೊದಲು ಅದನ್ನು ಬಾಯಿಬಿಟ್ಟು ಹೇಳಿದ್ದರೆ ಈ ಆರು ವಾರ ಮನೆಯವರು ಇಷ್ಟು ಗೊಂದಲದಲ್ಲಿ ಇರುತ್ತಿರಲಿಲ್ಲ ಎಂಬುದು ನನ್ನ ದೂರು. ಸರ್ಜನ್ ಜೊತೆ ಜಗಳಕ್ಕೆ ಹೋಗಬೇಡಿ. ಡಿಸ್ಚಾರ್ಜ್ ಸಾರಾಂಶ ಮತ್ತು ಆಪರೇಷನ್ ಟಿಪ್ಪಣಿಯ ಪ್ರತಿ ಕೇಳಿ. ಯಾವ ಬದಿಯಿಂದ ಒಳಹೋದರು, ಯಾವ ಬಗೆಯ ಪ್ಲೇಟ್, ಮೂಳೆ ಬೆಳೆಸಲು ಬಿಎಂಪಿ ಎಂಬ ಪ್ರೋಟೀನ್ ಬಳಸಿದ್ದಾರೆಯೇ ಎಂಬುದು ಇಎನ್‌ಟಿ ವೈದ್ಯರಿಗೆ ಬೇಕು. ಕುತ್ತಿಗೆಯಲ್ಲಿ ಆ ಪ್ರೋಟೀನ್ ತೀವ್ರ ಊತ ತರುತ್ತದೆಂದು ಅಮೆರಿಕದ ಎಫ್‌ಡಿಎ 2008ರಲ್ಲೇ ಎಚ್ಚರಿಸಿದೆ.

ಕೊನೆಯದಾಗಿ ಪ್ಲೇಟ್. ಎಲ್ಲರ ಕೈ ಮೊದಲು ಹೋಗುವುದು ಅದರ ಮೇಲೇ, ಲೋಹ ಒಳಗಿದೆ, ಒತ್ತುತ್ತಿದೆ ಎಂದು. ಪ್ಲೇಟಿನ ದಪ್ಪ ಎರಡು ಮೂರು ಮಿಲಿಮೀಟರ್ ಅಷ್ಟೆ. ಅದು ನೆಟ್ಟಗೆ ಕೂತಿದ್ದರೆ, ಸ್ಕ್ರೂ ಸರಿದಿಲ್ಲದಿದ್ದರೆ, ಮೂಳೆ ಬೆಸೆದುಕೊಳ್ಳುವ ಮೊದಲು ಯಾರೂ ಮುಟ್ಟುವುದಿಲ್ಲ. ಅಂದರೆ ಆರು ತಿಂಗಳಿಂದ ವರ್ಷ. ಅಷ್ಟರಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೇ ಉಳಿದಿರುವುದಿಲ್ಲ. ಬೆಸುಗೆ ಪೂರ್ತಿಯಾದ ಮೇಲೂ ತೊಂದರೆ ಉಳಿದು, ವಿಡಿಯೊದಲ್ಲಿ ಪ್ಲೇಟಿನ ಜಾಗದಲ್ಲೇ ಅಡ್ಡಿ ಕಂಡರೆ, ಪ್ಲೇಟ್ ತೆಗೆದು ಅನ್ನನಾಳಕ್ಕೆ ಅಂಟಿದ ಗಾಯದ ಪದರ ಬಿಡಿಸುವುದರಿಂದ ಹಲವರಿಗೆ ಸುಧಾರಿಸಿದೆ. ಆ ದಿನ ಬಂದರೆ ಸರ್ಜನ್ ಹಳೆಯ ಗಾಯದ ಅಂಟು ತಪ್ಪಿಸಲು ಕುತ್ತಿಗೆಯ ಇನ್ನೊಂದು ಬದಿಯಿಂದ ಹೋಗಲು ಯೋಚಿಸಬಹುದು. ಮೊದಲ ಬದಿಯ ಧ್ವನಿತಂತು ನಿಂತಿದ್ದು, ಎರಡನೇ ಬದಿಯದಕ್ಕೂ ಪೆಟ್ಟಾದರೆ ಉಸಿರಿನ ದಾರಿಯೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಈ ವಾರ ಮಾಡಿಸುವ ಧ್ವನಿತಂತುವಿನ ಪರೀಕ್ಷೆಯ ವರದಿ ಮತ್ತು ವಿಡಿಯೊವನ್ನು ಎಸೆಯಬೇಡಿ. ತಾಯಿಗೆ ಮುಂದೆ ಎಂದಾದರೂ ಕುತ್ತಿಗೆಯ ಮುಂಭಾಗದಿಂದ ಯಾವುದೇ ಆಪರೇಷನ್ ಆಗುವುದಿದ್ದರೆ, ಥೈರಾಯ್ಡ್ ಆದರೂ ಸರಿ, ಅದನ್ನು ಮೊದಲು ತೋರಿಸಿ, ತಂತುಗಳನ್ನು ಹೊಸದಾಗಿ ಇನ್ನೊಮ್ಮೆ ನೋಡಿಸಿಯೇ ಒಪ್ಪಿಗೆಗೆ ಸಹಿ ಹಾಕಿ.